ಪಾದ್ರಿ ಗುಡಿಯ ಕಮಾನು

ಮುಂಡರಗಿ
ತಾ. ೧೮-೧೧-೧೯೫೬, ರವಿವಾರ

ಗೆಳೆಯ ರಹಮಾನಸಾಬನಿಗೆ,

ಉಡಚಪ್ಪ ಗವಂಡಿಯ ಸಲಾಮು. ನಾವು ಮನೆಮಂದಿಯೆಲ್ಲ ಗಟ್ಟಿಯಾಗಿದ್ದೇವೆ. ನೀನು, ಖಾತುನಬಿ ತಂಗಿ, ಮಕ್ಕಳು ಲಕ್ಷ್ಮೇಶ್ವರದಲ್ಲಿ ಆರಾಮ ಇದ್ದೀರೆಂದು ನಂಬಿಕೊಂಡೇ ಮುಂದಕ್ಕೆ ಬರೆಯುತ್ತೇನೆ. ಕಾಗದ ತಡವಾಯಿತು. ಎಂಟು ವರ್ಷದ ತಡಕ್ಕೆ ಏನು ನೆಪ ಹೇಳಲಿ? ಉಳಿ ಹಿಡಿದ ಕೈಗೆ ಲೇಖನಿ ಒಗ್ಗುವುದಿಲ್ಲ ಎಂದು ಬೇರೆಯವರಿಗಾದರೆ ಹೇಳಬಹುದಿತ್ತು. ಶಾಲೆಯಲ್ಲಿ ನನ್ನ ಪಾಟಿ ನೋಡಿಕೊಂಡು ಬರೆದು ಪಾಸಾದವನು ನೀನು, ನಿನ್ನ ಹತ್ತಿರ ಆ ನೆಪ ನಡೆಯುವುದಿಲ್ಲ. ಬೈಯುವುದಿದ್ದರೆ ಇಲ್ಲಿಗೇ ಬಂದು ಎದುರಿಗೆ ನಿಂತು ಬೈ.

ಬರಲೇಬೇಕಾದ ಕೆಲಸವೂ ಇದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬರುವ ತಿಂಗಳು ಹದಿನಾರಕ್ಕೆ ಪಾದ್ರಿ ಗುಡಿಗೆ ಬಿಷಪ್ಪರು ಬರುತ್ತಾರೆ. ಅವರು ದೊಡ್ಡ ಬಾಗಿಲಿನಿಂದಲೇ ಒಳಗೆ ಬರಬೇಕು ಎಂದು ಲಿಗೋರಿ ಫಾದರ್ ಹಟ ಹಿಡಿದಿದ್ದಾರೆ. ದೊಡ್ಡ ಬಾಗಿಲಿನ ಕಮಾನಿನ ಕೆಳಗೆ ನೀನು ಕಟ್ಟಿದ ಕಟ್ಟಿಗೆಯ ಆಸರೆ ಇನ್ನೂ ಹಾಗೆಯೇ ನಿಂತಿದೆ. ಹತ್ತನೆಯ ತಾರೀಖಿನೊಳಗೆ ನೀನು ಬಂದು ಅದನ್ನು ಬಿಚ್ಚದಿದ್ದರೆ, ಕಮಾನನ್ನೇ ಕೆಡವಿ ಸಿಮೆಂಟಿನ ತೊಲೆ ಕೂಡಿಸುತ್ತಾರೆ. ಹೌದು, ನಿನ್ನ ಕಮಾನನ್ನು.

ಮೊನ್ನೆ ಗದಗಿನಿಂದ ಒಬ್ಬ ಓವರಸಿಯರ ಬಂದಿದ್ದ. ಬೂಟು ಹಾಕಿಕೊಂಡು ಬಂದವನು, ಕೈಯಲ್ಲಿದ್ದ ಬೆತ್ತದಿಂದ ಆಸರೆಯನ್ನು ಎರಡು ಸಲ ಬಡಿದ.

"ಗೆದ್ದಲ ಹತ್ತೇತ್ರೀ. ಅರ್ಧಾ ಟೊಳ್ಳ ಆಗೈತಿ. ಕಮಾನ ಕೆಡವಿ ಸಿಮೆಂಟಿನ ತೊಲಿ ಕೂಡಸ್ರಿ, ನಾಕ ದಿನದ ಕೆಲಸ" ಎಂದ.

ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. "ಸಾಹೇಬ್ರ, ಇದನ್ನ ಯಾರ ಕಟ್ಟ್ಯಾರ ಗೊತ್ತೈತೇನು? ಲಕ್ಷ್ಮೇಶ್ವರದ ರಹಮಾನಸಾಬ. ಕಟಗಿ ಪೂರಾ ಗೆದ್ದಲ ತಿಂದ ಹೋದ್ರೂ ಇದರಾಗಿನ ಒಂದ ಕಲ್ಲ ಕದಲಂಗಿಲ್ಲ" ಎಂದೆ.

"ಹಂಗಾರ ನೀವ ಬಿಚ್ಚಿ ತೋರಸ್ರಲ್ಲ. ಎಂಟ ವರ್ಷ ಯಾಕ ಹಂಗ ಬಿಟ್ಟೀರಿ?" ಎಂದು ಕೇಳಿದ.

ನಮ್ಮ ಕಸಬಿನ ಪದ್ಧತಿ ಬೆತ್ತ ಹಿಡಿದವನಿಗೆ ಹೇಗೆ ತಿಳಿಯಬೇಕು? ಮುಳಗುಂದದಲ್ಲಿ ಹುಚ್ಚೀರಪ್ಪ ಮೇಸ್ತ್ರಿಗಳ ಕೈಕೆಳಗೆ ನಾವಿಬ್ಬರೂ ಕೆಲಸ ಕಲಿಯುವಾಗ ಅವರು ಮೊದಲು ಕಲಿಸಿದ್ದೇ ಅದು. ಕಮಾನು ಕೂಡಿಸಿದ ಕೈಯೇ ಅದರ ಆಸರೆ ಬಿಚ್ಚಬೇಕು. ಬಿಚ್ಚುವಾಗ ಅವನು ಅದರ ಕೆಳಗೇ ನಿಂತಿರಬೇಕು. "ನಿನ್ನ ಕಲ್ಲಿನ ಕೆಳಗ ಮೊದಲ ನೀ ನಿಂದ್ರಲೇ, ಆಮ್ಯಾಲ ಮಂದೀನ ಕರಿ" ಎನ್ನುತ್ತಿದ್ದರು. ಅದೂ ಅಲ್ಲದೆ ಯಾವ ಬೆಣೆಯನ್ನು ಮೊದಲು ಸಡಿಲಿಸಬೇಕು, ಯಾವುದನ್ನು ಕೊನೆಗೆ ಎಳೆಯಬೇಕು ಎಂಬುದು ಬೆಣೆ ಬಡಿದವನಿಗೆ ಮಾತ್ರ ಗೊತ್ತು. ಹದಿನಾಲ್ಕು ಬೆಣೆ ಬಡಿದಿದ್ದೀಯ. ನಾನು ಒಂದೊಂದನ್ನೂ ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಇನ್ನೊಂದು ಸುದ್ದಿ. ಬಿಷಪ್ಪರ ಮುಂದೆ ಓದಲು ಗುಡಿಯ ಚರಿತ್ರೆ ಬರೆಯಬೇಕಂತೆ. ಪಾಯದ ದಿನದಿಂದ ಇದ್ದವನು ನಾನೊಬ್ಬನೇ ಎಂದು ಫಾದರ್ ದಿನಾ ಸಂಜೆ ನನ್ನನ್ನು ಕೂಡಿಸಿಕೊಂಡು ಕೇಳಿ ಬರೆದುಕೊಳ್ಳುತ್ತಿದ್ದಾರೆ. ಅವರು 'ಇಗರ್ಜಿ' ಎಂದು ಬರೆಯುತ್ತಾರೆ, ನಾನು 'ಪಾದ್ರಿ ಗುಡಿ' ಎಂದೇ ಹೇಳುತ್ತೇನೆ. ಏನೇನು ಹೇಳಿದೆನೆಂದು ನಿನಗೂ ತಿಳಿಸುತ್ತೇನೆ. ತಪ್ಪಿದ್ದರೆ ತಿದ್ದು. ತಪ್ಪಿರುವುದಿಲ್ಲ, ಆದರೂ ಹೇಳುತ್ತೇನೆ.

ಮೊದಲು ಇವರ ಪೂಜೆ ನಡೆಯುತ್ತಿದ್ದದ್ದು ಹತ್ತಿಯ ಗಿರಣಿಯ ಹಿಂದಿನ ಹಳೆಯ ಗೋದಾಮಿನಲ್ಲಿ. ಮೂವತ್ತು ಮನೆಯ ಮಂದಿ. ಪೂಜೆ ಮುಗಿಸಿ ಹೊರಗೆ ಬಂದರೆ ಎಲ್ಲರ ತಲೆಯ ಮೇಲೂ ಹತ್ತಿಯ ಎಳೆ. ನಲವತ್ತಾರರಲ್ಲಿ ಲಿಗೋರಿ ಫಾದರ್ ಮಂಗಳೂರಿನಿಂದ ನಕ್ಷೆ ತರಿಸಿ ನಮ್ಮನ್ನು ಕರೆದರು. ಐವತ್ತನಾಲ್ಕು ಅಡಿ ಉದ್ದ, ಇಪ್ಪತ್ತೊಂದು ಅಡಿ ಅಗಲ, ಎರಡಡಿ ದಪ್ಪದ ಕಲ್ಲುಗೋಡೆ, ಒಂದೊಂದು ಬದಿಗೆ ಐದು ಉದ್ದನೆಯ ಕಿಟಕಿ, ಮೇಲೆ ಮಂಗಳೂರು ಹೆಂಚು. ನಾನು ನಕ್ಷೆ ನೋಡಿ, "ಆತ್ರೀ. ಆಯ ಯಾರ ಹೆಸರಿಲೆ ತಗೀಲಿ?" ಎಂದು ಕೇಳಿದೆ. ಮನೆ ಕಟ್ಟಿಸುವವನ ಹೆಸರಿಗೆ ಅಳತೆ ಕೂಡಿ ಬರಬೇಕೆಂಬುದು ಆ ಕರಾವಳಿಯವರಿಗೆ ತಿಳಿದಿದ್ದರೂ ಫಾದರಿಗೆ ತಿಳಿಯಲಿಲ್ಲ. ಬಿಡಿಸಿ ಹೇಳಿದ ಮೇಲೆ ಬಹಳ ಹೊತ್ತು ಯೋಚಿಸಿ, "ಸಂತ ಜೋಸೆಫರ ಹೆಸರು ಇಟ್ಟುಕೊಳ್ಳಿ. ಅವರು ಬಡಗಿ ಕೆಲಸ ಮಾಡುತ್ತಿದ್ದರು" ಎಂದರು. ನೀನು ಆಗ ಅಂದದ್ದು ನೆನಪಿದೆಯೇ? "ಹಂಗಾರ ನಮ್ಮ ಮಂದೀನ ಆದ್ರಲ್ರೀ, ಚೊಲೋ ಆತು!" ಫಾದರ್ ಅದನ್ನೂ ಚರಿತ್ರೆಯಲ್ಲಿ ಬರೆದುಕೊಂಡಿದ್ದಾರೆ.

ಇನ್ನು ನನ್ನ ಆ ಘನಕಾರ್ಯ. ಅದನ್ನು ಬಿಡಿರೆಂದು ಹೇಳಿದೆ, ಫಾದರ್ ಬಿಡಲಿಲ್ಲ. ನಲವತ್ತೇಳರ ಬೇಸಿಗೆಯಲ್ಲಿ ಅವರು ಒಂದು ತಿಂಗಳು ಮಂಗಳೂರಿಗೆ ಹೋದಾಗ ನಾನು ಪಾಯ ತೆಗೆಸಿದೆ. ನಕ್ಷೆಯಲ್ಲಿ ಬಾಗಿಲು ಪಡುವಣಕ್ಕಿತ್ತು, ದೇವರ ಪೀಠ ಮೂಡಣಕ್ಕಿತ್ತು. ನಕ್ಷೆ ಬರೆದವನಿಗೆ ತಲೆ ಇಲ್ಲ ಎಂದುಕೊಂಡು ನಾನು ಅದನ್ನು ಹಿಂದುಮುಂದು ಮಾಡಿದೆ. ಎಷ್ಟು ಗುಡಿಯ ಕೆಲಸ ಮಾಡಿದ್ದೇವೆ ನಾವು! ದೇವರು ಮೂಡಣಕ್ಕೆ ಮುಖ ಮಾಡಿ ಕೂತಿರಬೇಕು, ಬೆಳಗಿನ ಬಿಸಿಲು ಬಾಗಿಲಲ್ಲಿ ಬಂದು ಅವನ ಮುಖಕ್ಕೆ ಬೀಳಬೇಕು. ಇದಕ್ಕೆ ಯಾರನ್ನು ಕೇಳುವುದು?

ಫಾದರ್ ಊರಿಂದ ಬಂದು ಪಾಯದ ಅಂಚಿಗೆ ನಿಂತು ಟೊಪ್ಪಿಗೆ ತೆಗೆದರು.

"ಉಡಚಪ್ಪನವರೇ, ಬಾಗಿಲು ಎಲ್ಲಿ ಬರುತ್ತದೆ?"

"ಇಲ್ಲೇ ರೀ, ಮೂಡಣಕ್ಕ."

"ನಕ್ಷೆಯಲ್ಲಿ ಆ ಕಡೆ ಇದೆಯಲ್ಲ?"

"ನಕ್ಷೆ ತಪ್ಪ ಇತ್ತರೀ. ನಾ ತಿದ್ದೀನಿ" ಎಂದೆ, ಮೀಸೆಯ ಮೇಲೆ ಕೈಯಾಡಿಸಿಕೊಂಡು.

ಫಾದರ್ ಒಂದು ಕಲ್ಲಿನ ಮೇಲೆ ಕುಸಿದು ಕುಳಿತರು. ಪ್ರಾರ್ಥನೆ ಮಾಡುವ ಜನ ಮೂಡಣಕ್ಕೆ ಮುಖ ಮಾಡಬೇಕೆಂದು ಪೀಠವನ್ನು ಮೂಡಣಕ್ಕೆ ಇಡುವುದು ತಮ್ಮ ಹಳೆಯ ಪದ್ಧತಿ ಎಂದು ನಿಧಾನವಾಗಿ ತಿಳಿಸಿದರು. ನಾನು ದೇವರ ಮುಖದ ವಿಚಾರ ಮಾಡಿದ್ದೆ, ಅವರು ಮಂದಿಯ ಮುಖದ ವಿಚಾರ ಮಾಡಿದ್ದರು. ಮೂರಡಿ ಆಳದ ಪಾಯ ತುಂಬಿ, ಪೀಠದ ಕಟ್ಟೆಯನ್ನೂ ತಪ್ಪು ತುದಿಗೆ ಏರಿಸಿಬಿಟ್ಟಿದ್ದೆ. ಆಗ ನೀನು ಪಕ್ಕಕ್ಕೆ ಬಂದು ನಿಂತು, "ಬರೇ ಉಡಚಪ್ಪಂದ ಅಲ್ರೀ ತಪ್ಪು. ಹಗ್ಗದ ಆ ತುದಿ ಹಿಡದಾವ ನಾನು. ಕೆಡವೂದಾದ್ರ ಇಬ್ರೂ ಕೆಡವತೀವಿ" ಎಂದೆ. ಖರೆ ಹೇಳಬೇಕೆಂದರೆ ಹಗ್ಗ ಹಿಡಿದ ದಿನ ನೀನು ಊರಲ್ಲೇ ಇರಲಿಲ್ಲ, ಹೊಂಬಳಕ್ಕೆ ಯಾರದೋ ಮದುವೆಗೆ ಹೋಗಿದ್ದೆ.

ಎರಡು ದಿನ ಫಾದರ್ ಪಾಯದ ಕಡೆ ಬರಲಿಲ್ಲ. ಮೂರನೆಯ ದಿನ ಒಂದು ದಪ್ಪ ಪುಸ್ತಕ ತಂದು ಚಿತ್ರ ತೋರಿಸಿದರು. ರೋಮಿನಲ್ಲಿರುವ ಇವರ ಎಲ್ಲಕ್ಕಿಂತ ದೊಡ್ಡ ಗುಡಿಯ ಬಾಗಿಲೂ ಮೂಡಣಕ್ಕೇ ಇದೆಯಂತೆ! "ಹೋಗಲಿ ಬಿಡಿ, ನಮ್ಮದೂ ರೋಮಿನ ಹಾಗೆಯೇ ಆಯಿತು" ಎಂದು ನಕ್ಕುಬಿಟ್ಟರು. ಅಂದಿನಿಂದ ನಾನು ರೋಮಿನ ಗವಂಡಿ ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಇವತ್ತಿಗೂ ಹೇಳುತ್ತೇನೆ.

ಸ್ವಾತಂತ್ರ್ಯ ಬಂದ ದಿನ ಗೋಡೆ ಎದೆಮಟ್ಟ ಬಂದಿತ್ತು. ಗೋಡೆಯ ಮೇಲೆ ಬಿದಿರು ನಿಲ್ಲಿಸಿ ಬಾವುಟ ಏರಿಸಿದೆವು, ಪೇಡೆ ಹಂಚಿದೆವು, ಮಧ್ಯಾಹ್ನ ಮತ್ತೆ ಗಾರೆ ಕಲಸಿದೆವು. ಎಂಥ ಗಾರೆ ಅದು! ಬೆಲ್ಲದ ನೀರು, ಅಳಲೆಕಾಯಿಯ ನೀರು ಹಾಕಿ ಎತ್ತಿನ ಗಾಣದಲ್ಲಿ ಅರೆದ ಸುಣ್ಣ. ಇವತ್ತು ಮೊಳೆ ಹೊಡೆದರೆ ಮೊಳೆಯೇ ಸೊಟ್ಟಗಾಗುತ್ತದೆ. ಹೆಂಚು ರೈಲಿನಲ್ಲಿ ಗದಗಿಗೆ ಬಂದು, ಅಲ್ಲಿಂದ ಹನ್ನೆರಡು ಚಕ್ಕಡಿಯಲ್ಲಿ ಹುಲ್ಲಿನ ನಡುವೆ ಮಲಗಿಕೊಂಡು ಇಲ್ಲಿಗೆ ಬಂತು. ಬಾಗಿಲಿನ ಮೇಲಿನ ದುಂಡು ಕಿಟಕಿಗೆ ನೀನು ಎಸಳು ಕೆತ್ತಿದ್ದನ್ನು ನೋಡಿ ಫಾದರ್, "ರಹಮಾನಸಾಬರೇ, ಇದು ಕಮಲದ ಹೂವಲ್ಲವೇ?" ಎಂದು ಗಾಬರಿಯಾದರು. "ಎಣಸ್ರಿ ಫಾದರ್, ಹನ್ನೆರಡ ಎಸಳ ಅದಾವ. ನಿಮ್ಮ ಏಸುಸ್ವಾಮಿಗೆ ಶಿಷ್ಯರ ಎಷ್ಟ ಮಂದಿ?" ಎಂದು ನೀನು ಕೇಳಿದೆ. ಅವರು ನಿಜವಾಗಿಯೂ ಬೆರಳು ಮಾಡಿ ಎಣಿಸಿದರು.

ಆಮೇಲೆ ನಲವತ್ತೆಂಟರ ಆಗಸ್ಟಿನಲ್ಲಿ ಕಮಾನು. ಕಪ್ಪತಗುಡ್ಡದ ಕಡೆಯ ಹನ್ನೊಂದು ಕರಿಕಲ್ಲು. ನಡುನೆತ್ತಿಯ ಕಲ್ಲನ್ನು ನೀನು ಮೂರು ಸಲ ಇಳಿಸಿ ಕೂದಲಿನಷ್ಟು ಕಡಿದು ಮತ್ತೆ ಏರಿಸಿದೆ. ನಾಲ್ಕನೆಯ ಸಲ ಅದು ಕೂತಾಗ ಸಪ್ಪಳವೇ ಆಗಲಿಲ್ಲ. ಗಾರೆ ಒಣಗಲು ನಲವತ್ತು ದಿನ ಬಿಡಬೇಕೆಂದು ನೀನೇ ಹೇಳಿದೆ. ಆ ನಲವತ್ತು ದಿನ ತುಂಬುವುದರೊಳಗೆ ನಿನ್ನನ್ನು ವಿಚಾರಣೆಗೆಂದು ಚಾವಡಿಗೆ ಕರೆದುಕೊಂಡು ಹೋದರು.

ಈ ಭಾಗ ಬಂದಾಗ ಫಾದರ್ ಬರೆಯುವುದನ್ನು ನಿಲ್ಲಿಸಿ, "ಇದನ್ನು ಬೇಡ" ಎಂದು ಪುಸ್ತಕ ಮುಚ್ಚಿದರು. ನಮ್ಮ ಊರ ಅಂಚಿಗೇ ಆಗ ನಿಜಾಮನ ಮೊಗಲಾಯಿ ಇತ್ತಲ್ಲ. ರಜಾಕಾರರ ಗದ್ದಲದಲ್ಲಿ ಮಂದಿ ಹಗಲು ಹೊತ್ತಿನಲ್ಲೂ ಅಗಳಿ ಹಾಕಿಕೊಂಡು ಕೂಡುತ್ತಿದ್ದರು. ನೀನು ವಾರಕ್ಕೊಮ್ಮೆ ಗಡಿ ದಾಟಿ ಅಳವಂಡಿಗೆ ಹೋಗಿಬರುವುದನ್ನು ಕಂಡವರು ರಜಾಕಾರರಿಗೆ ಸುದ್ದಿ ಒಯ್ಯುತ್ತಾನೆಂದು ಅಂದುಕೊಂಡರು. ಹನ್ನೊಂದು ದಿನ ಚಾವಡಿಯಲ್ಲಿ ಕೂಡಿಸಿ ಬಿಟ್ಟರು. ಬಿಟ್ಟ ಮರುದಿನವೇ ನೀನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಹೊರಟುಹೋದೆ. ಗುಡಿಯ ಕಡೆ ತಿರುಗಿಯೂ ನೋಡಲಿಲ್ಲ.

ಅಂದಿನಿಂದ ಈ ಮಂದಿ ಉತ್ತರದ ಬದಿಯ ಸಣ್ಣ ಬಾಗಿಲಿನಿಂದಲೇ ಒಳಗೆ ಹೋಗಿ ಬರುತ್ತಾರೆ. ಮದುಮಕ್ಕಳು ಒಬ್ಬರ ಹಿಂದೊಬ್ಬರು ಹೋಗಬೇಕು, ಜೋಡಿಯಾಗಿ ಹಿಡಿಸುವುದಿಲ್ಲ. ಮೂಲೆಯ ಮನೆಯ ಜೋಜವ್ವ ನಿನಗೆ ಗೊತ್ತು, ಕೆಲಸದ ವೇಳೆಗೆ ನಮಗೆ ಅಂಬಲಿ ತಂದುಕೊಡುತ್ತಿದ್ದವಳು. ಈಗ ಎಂಬತ್ತು ದಾಟಿದ್ದಾಳೆ. ಹೋದ ವಾರ ನನ್ನನ್ನು ಹಿಡಿದು ನಿಲ್ಲಿಸಿ, "ಉಡಚಪ್ಪಾ, ನಾ ಸತ್ತರ ನನ್ನ ಪೆಟಿಗಿ ಆ ಸಣ್ಣ ಬಾಗಿಲದಾಗ ಓರಿ ಮಾಡಿ ತುರುಕತೀರೇನು? ಆ ಸಾಬಗ ಹೇಳು, ನಾ ಇನ್ನ ಭಾಳ ದಿನ ಕಾಯಾಕ ಆಗೂದಿಲ್ಲ ಅಂತ" ಎಂದಳು. ಅವಳ ಮಾತು ನಿನಗೆ ಮುಟ್ಟಿಸಿದ್ದೇನೆ.

ನೀನು ಯಾಕೆ ಬರುವುದಿಲ್ಲ ಎಂಬುದೂ ನನಗೆ ಗೊತ್ತು. ಹೋದ ಬೇಸಿಗೆಯಲ್ಲಿ ಶಿರಹಟ್ಟಿಯ ಮದುವೆಯಲ್ಲಿ ನನ್ನ ಮನೆಯಾಕೆ ಗದಿಗೆವ್ವನಿಗೆ ಖಾತುನಬಿ ಸಿಕ್ಕಿದ್ದಳಂತೆ. ಇಬ್ಬರೂ ಕೈ ಹಿಡಿದುಕೊಂಡು ಅತ್ತರಂತೆ. ಮುಂಡರಗಿಗೆ ಬರ್ರಿ ಎಂದರೆ ಖಾತುನಬಿ, "ನಮ್ಮವರು ಬರೂದಿಲ್ಲವ್ವ. ಆ ಪಾದ್ರಿ ಗುಡಿಗೆ ಎರಡ ವರ್ಷ ಬೆವರ ಸುರಿಸೀನಿ, ಹನ್ನೊಂದ ದಿನ ಚಾವಡ್ಯಾಗ ಕುಂತಾಗ ನನ್ನ ಪರವಾಗಿ ಒಂದ ಮಾತ ಹೇಳಲಿಲ್ಲ ಆ ಪಾದ್ರಿ, ಅವನ ಮಾರಿ ನೋಡಂಗಿಲ್ಲ ಅಂತಾರ" ಎಂದಳಂತೆ. ಲೇ ರಹಮಾನ, ಎಂಟು ವರ್ಷದ ಮುನಿಸು ಸಾಕು ಮಾಡು. ಫಾದರಿಗೆ ಅರವತ್ತೆಂಟಾಯಿತು, ಬಲಗಣ್ಣು ಕಾಣುವುದಿಲ್ಲ. ಈ ಕೆಲಸ ಮುಗಿದರೆ ಅವರನ್ನು ಮಂಗಳೂರಿಗೆ ವಾಪಸು ಕರೆಸಿಕೊಳ್ಳುತ್ತಾರಂತೆ.

ಈಗ ನಾಡೆಲ್ಲ ಒಂದಾಗಿದೆ. ನೀನಿರುವ ಊರು ಮಿರಜದವರದು, ಶಿರಹಟ್ಟಿ ಸಾಂಗಲಿಯವರದು, ನಮ್ಮದು ಮುಂಬೈ ಸರಕಾರದ್ದು, ಅಳವಂಡಿ ನಿಜಾಮನದು ಎಂದು ಹಂಚಿಕೊಂಡಿದ್ದದ್ದೆಲ್ಲ ಹೋಗಿ ಒಂದನೇ ತಾರೀಖಿಗೆ ಒಂದೇ ರಾಜ್ಯವಾಯಿತು. ಇಲ್ಲಿ ಮೆರವಣಿಗೆ ತೆಗೆದರು, ನಾನೂ ಹಲಗೆ ಬಾರಿಸುವವರ ಮುಂದೆ ಕುಣಿದೆ. ಮನೆಗೆ ಬಂದ ಮೇಲೆ ಗದಿಗೆವ್ವ ನನ್ನ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ಲಕ್ಷ್ಮೇಶ್ವರದಿಂದ ಬಸ್ಸು ಇದೆ, ಶಿರಹಟ್ಟಿಯಲ್ಲಿ ಬದಲಿಸಬೇಕು. ಸುತ್ತಿಗೆ ತರಬೇಡ, ನೀನು ಬಿಟ್ಟುಹೋದದ್ದು ನನ್ನ ಹತ್ತಿರ ಇದೆ. ಹಿಡಿಯುವ ಕಾವು ಮಾತ್ರ ಹೊಸದು ಹಾಕಿಸಿದ್ದೇನೆ. ಕಮಾನು ನಿಲ್ಲುತ್ತದೆ. ಅದರಲ್ಲಿ ನನಗೆ ಸಾಸಿವೆಯಷ್ಟೂ ಸಂಶಯವಿಲ್ಲ. ಓವರಸಿಯರನನ್ನು ಕರೆಸಿ ಎದುರಿಗೆ ಕುರ್ಚಿ ಹಾಕಿ ಕೂಡಿಸುತ್ತೇನೆ, ನೋಡಲಿ.

ಖಾತುನಬಿಗೆ ಈ ಅಣ್ಣನ ಆಶೀರ್ವಾದ. ಮಕ್ಕಳು ಉಂಡು ತಿಂದು ನೂರು ವರ್ಷ ಬಾಳಲಿ, ನಿನ್ನ ಕೈಯ ಕಸುವು ಹಾಗೆಯೇ ಇರಲಿ.

ನಿನ್ನ
ಉಡಚಪ್ಪ ಗವಂಡಿ

ತಾ. ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ಇಷ್ಟು ಬರೆದು ಇದನ್ನು ಬರೆಯದಿದ್ದರೆ ನಾನು ಮನುಷ್ಯನಲ್ಲ.

ಫಾದರ್ ನಿನಗೆ ಏನೂ ಅನ್ಯಾಯ ಮಾಡಿಲ್ಲ. ಆ ಹೊತ್ತಿಗೆ ಅವರು ಗದಗಿನಲ್ಲಿದ್ದರು. ಊರಿನ ನಾಲ್ಕು ಮಂದಿ ಕೆಲಸದ ಜಾಗಕ್ಕೆ ಬಂದು ಕೇಳಿದ್ದು ನನ್ನನ್ನು. "ನಿಮ್ಮ ರಹಮಾನಸಾಬ ವಾರಾ ವಾರಾ ಮೊಗಲಾಯಿಗೆ ಯಾಕ ಹೋಗತಾನ?" ಎಂದರು. ಖಾತುನಬಿಯ ತಾಯಿ ಅಳವಂಡಿಯಲ್ಲಿ ಹಾಸಿಗೆ ಹಿಡಿದದ್ದು ನನಗೆ ಗೊತ್ತಿತ್ತು. ಹಿಂದಿನ ವಾರ ಆ ಮುದುಕಿಗೆ ಎಂದು ಗದಿಗೆವ್ವ ತುಪ್ಪ ಕಾಸಿ ನಿನ್ನ ಚೀಲದಲ್ಲಿ ಇಟ್ಟಾಗ ನಾನು ಅಲ್ಲೇ ಕೂತಿದ್ದೆ. ಅಷ್ಟು ಒಂದು ಮಾತು ಹೇಳಿದ್ದರೆ ಅವರು ತಿರುಗಿ ಹೋಗುತ್ತಿದ್ದರು. ಅವರಲ್ಲೊಬ್ಬ ನನ್ನನ್ನೂ ಅದೇ ಕಣ್ಣಿನಿಂದ ನೋಡಿದ, ನನಗೆ ಹೆದರಿಕೆಯಾಯಿತು. "ನನಗೇನ ಗೊತ್ತರೀ, ಅವನ್ನ ಕೇಳ್ರಿ" ಎಂದುಬಿಟ್ಟೆ. ಅದೇ ಸಂಜೆ ನಿನ್ನನ್ನು ಕರೆದುಕೊಂಡು ಹೋದರು.

ಫಾದರ್ ಊರಿಗೆ ಬಂದವರೇ ಚಾವಡಿಗೆ ಹೋದರು. ಆರು ದಿನ ಬೆಳಗಿನಿಂದ ಸಂಜೆಯವರೆಗೆ ಹೊರಗಿನ ಕಟ್ಟೆಯ ಮೇಲೆ ಕೂತರು. ಅಳವಂಡಿಗೆ ಆಳು ಕಳಿಸಿ ಮುದುಕಿಯ ಸುದ್ದಿ ಖಾತ್ರಿ ಮಾಡಿಸಿದವರು ಅವರು, ನಿನ್ನನ್ನು ಬಿಡಿಸಿದವರು ಅವರು. ಒಳಗಿದ್ದ ನಿನಗೆ ಇದನ್ನು ಯಾರೂ ಹೇಳಲಿಲ್ಲ. ಬಿಟ್ಟ ದಿನ ನೀನು ನನ್ನ ಮನೆಯ ಬಾಗಿಲಿಗೆ ಬಂದು, "ಪಾದ್ರಿ ನನ್ನ ಪರವಾಗಿ ಒಂದ ಮಾತರೆ ಹೇಳಿದನೇನೋ ಉಡಚಾ?" ಎಂದು ಕೇಳಿದೆ. ಹೌದು ಎಂದರೆ, ಹಾಗಾದರೆ ಮೊದಲೇ ಹೇಳದೆ ಬಾಯಿ ಮುಚ್ಚಿಕೊಂಡವರು ಯಾರು ಎಂದು ನೀನು ಕೇಳುತ್ತೀಯೆಂದು ಹೆದರಿ, "ಇಲ್ಲ" ಎಂದೆ.

ಫಾದರಿಗೆ ಎಲ್ಲ ಗೊತ್ತು. ಆಗೊಮ್ಮೆ, "ಇದನ್ನು ಹೇಳಬೇಕಾದವರು ನೀವು, ನಾನಲ್ಲ" ಎಂದಿದ್ದರು. ಮತ್ತೆ ಎಂಟು ವರ್ಷ ಆ ಮಾತು ತೆಗೆಯಲಿಲ್ಲ. ನಿನ್ನ ಸಿಟ್ಟನ್ನು ತಮ್ಮ ಮೇಲೆ ಹೊತ್ತುಕೊಂಡು, ನನಗೆ ದಿನಾ ಚಹಾ ಕೊಟ್ಟು ಕೂಡಿಸಿಕೊಳ್ಳುತ್ತಾರೆ. ನಿನಗೆ ಬರೆಯುತ್ತೇನೆ ಎಂದಾಗ ಈ ಹಾಳೆ, ಲಕೋಟೆ ತಂದು ಕೊಟ್ಟರು, ಏನೂ ಕೇಳಲಿಲ್ಲ.

ನನಗೆ ಕ್ಷಮೆ ಮಾಡು ಎಂದು ಕೇಳುವ ಮುಖ ನನಗಿಲ್ಲ. ನೀನು ಆ ಮುದುಕನಿಗಾಗಿ ಬಾ. ನನ್ನನ್ನು ನೋಡಲು ನಿನಗೆ ಮನಸ್ಸಾಗದಿದ್ದರೆ ಅದು ನ್ಯಾಯವೇ. ಹಾಗಿದ್ದರೆ ನೀನು ಬರುವ ಹಿಂದಿನ ದಿನವೇ ಮುಳಗುಂದಕ್ಕೆ ಹೊರಟುಹೋಗುತ್ತೇನೆ, ಬಿಷಪ್ಪರ ದಿನವೂ ಈ ಕಡೆ ಬರುವುದಿಲ್ಲ. ನಾನು ಊರಲ್ಲಿ ಇರಲೋ ಬೇಡವೋ ಎಂಬುದನ್ನಷ್ಟೇ ಒಂದು ಕಾರ್ಡಿನಲ್ಲಿ ಬರೆದು ಹಾಕು.